ಸೂಟು ಬೇಡ, ಬೂಟು ಬೇಕು

ಜನವರಿ ಬಂತೆಂದರೆ ಟ್ವಿನ್ ಸಿಟೀಸ್‌ನ, ಅಂದರೆ ಅಮೆರಿಕದ ಮಿನೆಸೋಟದ ಮಿನಿಯಾಪೊಲಿಸ್-ಸೇಂಟ್ ಪಾಲ್ ಜೋಡಿ ನಗರದ, ಕನ್ನಡದ ಮನೆಗಳಿಗೆ ಫೋನು ಶುರು. ಟೆಕ್ಸಸ್‌ನಲ್ಲೋ ಅರಿಜೋನಾದಲ್ಲೋ ಓದುತ್ತಿರುವ ಅಣ್ಣನ ಮಗಳಿಗೆ ಇಲ್ಲಿನ ಮಿನೆಸೋಟ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಸಂದರ್ಶನಕ್ಕೆ ಕರೆ ಬಂದಿರುತ್ತದೆ. ಉಡುಪು ಕ್ಯಾಶುಯಲ್ ಆಗಿದ್ದರೆ ಸಾಕು ಅಂತ ಬರೆದಿದ್ದಾರಂತೆ. ಆದರೂ ಅಪ್ಪನಿಗೆ ಸೂಟು ಕೊಡಿಸುವ ಆಸೆ. ಮಗಳಿಗೆ ಮೈನಸ್ 20 ಡಿಗ್ರಿಯ ಚಿಂತೆ.

ಸೂಟು ಖಂಡಿತ ಬೇಡ. ವಿಜ್ಞಾನ ವಿಭಾಗಗಳಲ್ಲಿ ನಾಲ್ಕೈದು ಪ್ರಾಧ್ಯಾಪಕರ ಜೊತೆ ಅರ್ಧರ್ಧ ಗಂಟೆ ಮಾತು, ಲ್ಯಾಬ್ ಸುತ್ತಾಟ, ಸಂಜೆ ಅಲ್ಲಿನ ವಿದ್ಯಾರ್ಥಿಗಳ ಜೊತೆ ಊಟ. ಎದುರಿಗೆ ಕೂತ ಪ್ರೊಫೆಸರೇ ಸ್ವೆಟರು, ಹಿಮದ ಬೂಟಿನಲ್ಲಿ ಇರುತ್ತಾರೆ. ಇಸ್ತ್ರಿ ಮಾಡಿದ ಷರ್ಟು, ಒಳ್ಳೆಯ ಪ್ಯಾಂಟು ಸಾಕು. ಚೂಡಿದಾರ್ ಇಷ್ಟವಾದರೆ ಅದನ್ನೇ ಹಾಕಿಕೊಳ್ಳಲಿ, ಆದರೆ ಲ್ಯಾಬಿಗೆ ಹೋಗುವಾಗ ದುಪಟ್ಟಾ ತೆಗೆದಿಡಲಿ.

ಇನ್ನು ಚಳಿ. ಬೆಂಗಳೂರಿನ ಇತಿಹಾಸದಲ್ಲೇ ಅತಿ ಕಡಿಮೆ ಅಂತ ದಾಖಲಾದದ್ದು 1884ರ ಜನವರಿಯ 7.8 ಡಿಗ್ರಿ. ಮಿನಿಯಾಪೊಲಿಸ್‌ನಲ್ಲಿ ಜನವರಿ ರಾತ್ರಿಯ ಸರಾಸರಿಯೇ ಸುಮಾರು ಮೈನಸ್ 13. ಗಾಳಿಯೂ ಸೇರಿ ಮೈಗೆ ಮೈನಸ್ 28ರಷ್ಟು ತಾಗುವ ದಿನ ಬರಿಯ ಕಿವಿ, ಬೆರಳು ಅರ್ಧ ಗಂಟೆಯಲ್ಲಿ ಮರಗಟ್ಟಬಹುದು. ಇದನ್ನು ಕೇಳಿ ಹೆದರಿದ ಮಕ್ಕಳು ದಪ್ಪ ಥರ್ಮಲ್ ಮೇಲೆ ದಪ್ಪ ಸ್ವೆಟರು ತೊಟ್ಟು ಬರುತ್ತಾರೆ. ಕಟ್ಟಡದೊಳಗೆ ಹೀಟರು 21 ಡಿಗ್ರಿಯಲ್ಲಿ ಉರಿಯುತ್ತಿರುತ್ತದೆ. ಎರಡನೇ ಪ್ರೊಫೆಸರ ಹೊತ್ತಿಗೆ ಬೆನ್ನೆಲ್ಲ ಬೆವರು. ಹತ್ತಿ ಬನಿಯನ್ನಾದರೆ ಆ ಒದ್ದೆಯಲ್ಲೇ ಮತ್ತೆ ಹೊರಗೆ ಹೋಗಬೇಕು. ಒಳಗೆ ಉಣ್ಣೆಯದೋ ಪಾಲಿಯೆಸ್ಟರಿನದೋ ತೆಳು ಥರ್ಮಲ್, ಮೇಲೆ ಷರ್ಟು, ಮುಂದೆ ಗುಂಡಿಯಿರುವ ಸ್ವೆಟರು ಇರಲಿ. ಚಳಿ ತಡೆಯುವ ಕೆಲಸವನ್ನೆಲ್ಲ ಕೋಟಿಗೆ ಬಿಡಿ. ಕೋಟು ದಿನವಿಡೀ ಕುರ್ಚಿಯ ಬೆನ್ನ ಮೇಲೇ ಇರುವುದರಿಂದ ಅದು ಯಾರದ್ದು, ಎಷ್ಟು ಹಳೆಯದು ಅಂತ ಯಾರೂ ಕೇಳುವುದಿಲ್ಲ.

ನನ್ನ ಕೇಳಿದರೆ, ದುಡ್ಡು ಹಾಕಬೇಕಾದ್ದು ಬೂಟಿಗೆ. ಇಲ್ಲಿ ಹಿಮ ಕರಗಿಸಲು ಕಾಲುದಾರಿಗೆಲ್ಲ ಉಪ್ಪು ಎರಚುತ್ತಾರೆ. ಆ ನೀರಲ್ಲಿ ನಡೆದ ಕಪ್ಪು ಚರ್ಮದ ಷೂ ಒಣಗಿದ ಮೇಲೆ ನೋಡಬೇಕು: ಹಿಮ್ಮಡಿಯ ಸುತ್ತ ಬಿಳಿಯ ಗೆರೆ, ಸೀಮೆಸುಣ್ಣದಲ್ಲಿ ಎಳೆದ ಹಾಗೆ. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಹೋಟೆಲಿನಲ್ಲಿ ವಿನೆಗರು ಎಲ್ಲಿಂದ ತರೋಣ! ನುಣುಪು ಅಟ್ಟೆಯಾದರೆ ಜಾರಿ ಬೀಳುವ ಭಯ ಬೇರೆ. ಹಿಡಿತವಿರುವ ಬೂಟಿನಲ್ಲಿ ಬಂದು, ಚೀಲದಲ್ಲಿಟ್ಟ ಷೂ ಒಳಗೆ ಬದಲಿಸಿದರಾಯಿತು. ಷೂ ಬೆರಳು ಮುಚ್ಚುವಂಥದ್ದೇ ಆಗಿರಲಿ, ಚಪ್ಪಲಿ ಹಾಕಿದವರನ್ನು ಲ್ಯಾಬಿನೊಳಗೆ ಬಿಡುವುದಿಲ್ಲ.

ಹತ್ತು ನಿಮಿಷ ಮುಂಚೆ ಬರುವುದಕ್ಕೂ ಕಾರಣವಿದೆ. ಬಾಗಿಲು ದಾಟಿದ ಕ್ಷಣ ಕನ್ನಡಕ ಮಂಜಾಗಿ ಏನೂ ಕಾಣುವುದಿಲ್ಲ, ಮೂಗು ಸುರಿಯುತ್ತದೆ, ಟೋಪಿ ತೆಗೆದರೆ ಕೂದಲು ನೆಟ್ಟಗೆ ನಿಂತಿರುತ್ತದೆ. ಇದೆಲ್ಲ ಸುಧಾರಿಸಿಕೊಂಡೇ ಕೈಕುಲುಕುವುದು ಒಳ್ಳೆಯದು. ಕ್ಯಾಂಪಸ್ಸಿನಲ್ಲಿ ಗೋಫರ್ ವೇ ಎಂಬ ಸುರಂಗ, ಮೇಲ್ದಾರಿಗಳ ಜಾಲವಿದೆ. ಮಿಸಿಸಿಪ್ಪಿ ದಾಟುವ ವಾಷಿಂಗ್ಟನ್ ಅವೆನ್ಯೂ ಸೇತುವೆಯ ಮೇಲೂ ಮುಚ್ಚಿದ ಕಾಲುದಾರಿ ಉಂಟು. ಕರೆದೊಯ್ಯುವ ವಿದ್ಯಾರ್ಥಿಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಎರಡು ದಿನದ ಭೇಟಿಗೆ ಹೊಸ ಕೋಟು ಕೊಳ್ಳುವ ಮುನ್ನ ನಮ್ಮ ಕನ್ನಡ ಕೂಟದವರನ್ನು ಕೇಳಿ. ಮಕ್ಕಳು ಬೆಳೆದು ಚಿಕ್ಕದಾದ ಕೋಟುಗಳು ಹಲವು ಮನೆಗಳಲ್ಲಿ ನೇತಾಡುತ್ತಿವೆ. ಎತ್ತರ, ಬೂಟಿನ ಅಳತೆ ಒಂದು ವಾರ ಮೊದಲೇ ತಿಳಿಸಿದರೆ ಹುಡುಕಿಡುತ್ತೇವೆ. ವಿಮಾನ ನಿಲ್ದಾಣಕ್ಕೆ ಹೋಗುವವರ ಕೈಯಲ್ಲೇ ಕಳಿಸಲೂಬಹುದು.

— ಸಂಪಾದಕರು