ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿ ಬಂದು, ಅಕ್ಕನಿಗೆ

ಪ್ರೀತಿಯ ಅಕ್ಕ,

ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸು. ಈ ಪತ್ರವನ್ನು ಅಪ್ಪನಿಗೂ ಓದಿ ಹೇಳು, ಅವರಿಗೆ ಹಿಡಿಸುವ ವಿಷಯ ಇದರಲ್ಲಿದೆ.

ರಜೆಗೆ ಬಂದಾಗ ಮಕ್ಕಳಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏನು ತೋರಿಸಲಿ ಅಂತ ಕೇಳಿದ್ದೆಯಲ್ಲ? ನಾವು ಹೋದ ವಾರವಷ್ಟೇ ಅಲ್ಲಿಗೆ ಹೋಗಿ ಬಂದೆವು. ಸೇತುವೆ, ಪಾರ್ಕು ಎಲ್ಲ ಇದ್ದೇ ಇದೆ. ಆದರೆ ಎಕ್ಸ್‌ಪ್ಲೊರೇಟೋರಿಯಂ ಅನ್ನುವ ವಿಜ್ಞಾನ ಮ್ಯೂಸಿಯಂಗೆ ಅಂತ ಇಡೀ ಒಂದು ದಿನ ತೆಗೆದಿಡು. ಆ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡ.

ಅದು ಕೊಲ್ಲಿಯ ದಂಡೆಯಲ್ಲಿ, ಹಿಂದೆ ಹಡಗುಗಳು ನಿಲ್ಲುತ್ತಿದ್ದ 15ನೇ ಕಟ್ಟೆಯ ಮೇಲಿದೆ. ಒಳಗೆ ಕೈಯಾರೆ ಮಾಡಿ ನೋಡುವ ಪ್ರಯೋಗಗಳು ನೂರಾರು. ತಿರುಗಿಸು, ಎಳೆ, ಊದು, ನೆರಳು ಬೀಳಿಸು, ಯಾರೂ ಬೇಡ ಅನ್ನುವುದಿಲ್ಲ. ಶುರು ಮಾಡಿದ್ದು 1969ರಲ್ಲಿ, ಫ್ರಾಂಕ್ ಆಪನ್‌ಹೈಮರ್. ಅಣುಬಾಂಬಿನ ಆಪನ್‌ಹೈಮರ್ ಇದ್ದಾರಲ್ಲ, ಅವರ ತಮ್ಮ. ಅವರೂ ಭೌತವಿಜ್ಞಾನಿಯೇ. ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು ಅನ್ನುವ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಆಮೇಲೆ ವರ್ಷಗಟ್ಟಲೆ ಕೊಲರಾಡೋದಲ್ಲಿ ದನ ಸಾಕಿಕೊಂಡಿದ್ದರು, ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು. ಆ ಮೇಷ್ಟರ ಕೈ ಈ ಜಾಗದ ಮೂಲೆಮೂಲೆಯಲ್ಲೂ ಕಾಣುತ್ತದೆ. ಪ್ರಯೋಗದ ಸಾಮಾನುಗಳನ್ನು ತಯಾರಿಸುವ ವರ್ಕ್‌ಶಾಪ್ ಕೂಡ ಅಲ್ಲೇ ಎಲ್ಲರ ಕಣ್ಣೆದುರಿಗೇ ಇದೆ. ನಮ್ಮ ಪುಟ್ಟ ಅಲ್ಲಿಂದ ಕದಲಲೇ ಇಲ್ಲ.

ಬಣ್ಣದ ನೆರಳಿನ ಬಗ್ಗೆ ಹೇಳಲೇಬೇಕು. ಬಿಳಿ ಗೋಡೆ, ಎದುರಿಗೆ ಕೆಂಪು, ಹಸಿರು, ನೀಲಿ, ಹೀಗೆ ಮೂರು ದೀಪ. ಮೂರೂ ಬೆರೆತು ಗೋಡೆ ಬೆಳ್ಳಗೇ ಕಾಣುತ್ತದೆ. ಚಿನ್ನು ಕೈ ಅಡ್ಡ ಹಿಡಿದಳು, ಗೋಡೆಯ ಮೇಲೆ ಮೂರು ಕೈ ಮೂಡಿತು. ಒಂದು ಹಳದಿ, ಒಂದು ತಿಳಿನೀಲಿ, ಇನ್ನೊಂದು ಗುಲಾಬಿ. "ಹಳದಿ ದೀಪ ಎಲ್ಲಿದೆ?" ಅಂತ ಹಿಂದೆ ತಿರುಗಿ ಹುಡುಕಿದಳು. ಇಲ್ಲ. ಒಂದೊಂದೇ ದೀಪವನ್ನು ಅಂಗೈಯಿಂದ ಮುಚ್ಚುತ್ತಾ ಹೋದಳು. ನೀಲಿ ದೀಪ ಮುಚ್ಚಿದಾಗ ಇಡೀ ಗೋಡೆಯೇ ಹಳದಿಯಾಯಿತು. ಆಗ ನಿಧಾನಕ್ಕೆ ಅಂದಳು: "ನೀಲಿ ಇಲ್ಲದ ಕಡೆ ಕೆಂಪೂ ಹಸಿರೂ ಸೇರಿ ಹಳದಿ ಆಗುತ್ತೆ." ಯಾರೂ ಹೇಳಿಕೊಟ್ಟದ್ದಲ್ಲ ಅಕ್ಕ! ಅಂಥ ಹೊತ್ತಿನಲ್ಲಿ ನಾವು ದೊಡ್ಡವರು ಬಾಯಿ ಬಿಡಬಾರದು, "ಬಾ, ಮುಂದಿನದು ನೋಡೋಣ" ಅಂತ ಕೈ ಹಿಡಿದು ಎಳೆಯಲೂಬಾರದು. ಎಲ್ಲವನ್ನೂ ನೋಡಿಸಿಬಿಡಬೇಕು ಅನ್ನುವ ಆಸೆ ಬಿಟ್ಟುಬಿಡು. ನಾಲ್ಕು ಪ್ರಯೋಗಕ್ಕೇ ದಿನ ಮುಗಿದರೂ ಮುಗಿಯಲಿ. ಸಹಾಯಕ್ಕೆಂದು ಅಲ್ಲಲ್ಲಿ ನಿಂತಿರುವ ಮ್ಯೂಸಿಯಂನ ಹುಡುಗ ಹುಡುಗಿಯರೂ ಉತ್ತರ ಹೇಳಿಬಿಡುವುದಿಲ್ಲ, "ನಿನಗೇನನಿಸುತ್ತೆ?" ಅಂತ ಮಕ್ಕಳನ್ನೇ ಕೇಳುತ್ತಾರೆ.

ಇನ್ನೊಂದಿದೆ, ಕಕ್ಕಸಿನ ಕಮೋಡಿನಲ್ಲೇ ಮಾಡಿದ ಕುಡಿಯುವ ನೀರಿನ ಕಾರಂಜಿ. ಕಮೋಡು ಹೊಚ್ಚಹೊಸದು, ಯಾರೂ ಬಳಸಿದ್ದಲ್ಲ, ನೀರೂ ಶುದ್ಧ. ಅಷ್ಟೆಲ್ಲ ಗೊತ್ತಿದ್ದೂ ಬಾಯಿ ಹಾಕಲು ಮನಸ್ಸು ಒಪ್ಪುತ್ತದೆಯೇ ಅನ್ನುವುದೇ ಅಲ್ಲಿನ ಪ್ರಯೋಗ. ಪುಟ್ಟ ಗಟಗಟ ಕುಡಿದ. ಚಿನ್ನು ಸುತಾರಾಂ ಒಪ್ಪಲಿಲ್ಲ. ರಾತ್ರಿ ಮಲಗುವ ತನಕ ಇಬ್ಬರಿಗೂ ಅದೇ ವಾದ.

ಮರುದಿನ ಕೇಬಲ್ ಕಾರ್ ಮ್ಯೂಸಿಯಂಗೆ ಹೋಗಿದ್ದೆವು. ಇಲ್ಲಿ ಕೇಬಲ್ ಕಾರ್ ಅಂದರೆ ಮೇಲೆ ತೂಗುವ ತೊಟ್ಟಿಲಲ್ಲ, ರಸ್ತೆಯ ಹಳಿಗಳ ಮೇಲೆ ಓಡುವ ಟ್ರಾಮಿನಂಥ ಗಾಡಿ. ಚಿಕ್ಕ ಜಾಗ, ಪ್ರವೇಶಕ್ಕೆ ದುಡ್ಡಿಲ್ಲ. ಒತ್ತಲು ಗುಂಡಿಗಳೇನೂ ಇಲ್ಲ, ಆದರೆ ಊರಿನ ಕೇಬಲ್ ಕಾರುಗಳನ್ನೆಲ್ಲ ಎಳೆಯುವ ದೈತ್ಯ ಚಕ್ರಗಳು ಕೆಳಗೆ ಗುಡುಗುಡು ಅಂತ ತಿರುಗುತ್ತಿರುತ್ತವೆ. ರಸ್ತೆಯಡಿ ಉಕ್ಕಿನ ಹಗ್ಗ ಗಂಟೆಗೆ 9.5 ಮೈಲಿ, ಅಂದರೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡುತ್ತಿರುತ್ತದೆ. ಕಾರಿಗೆ ಎಂಜಿನ್ನೇ ಇಲ್ಲ, ಆ ಹಗ್ಗವನ್ನು ಕಚ್ಚಿ ಹಿಡಿದರೆ ಹೊರಡುತ್ತದೆ, ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತದೆ. ಮೊದಲು ಮ್ಯೂಸಿಯಂ ತೋರಿಸಿ ಆಮೇಲೆ ಕಾರು ಹತ್ತಿಸು. ನಮ್ಮ ಮಕ್ಕಳಿಬ್ಬರೂ ಹೊರಗಿನ ನೋಟ ಬಿಟ್ಟು, ಚಾಲಕ ಸನ್ನೆಕೋಲು ಎಳೆಯುವುದನ್ನೇ ನೋಡುತ್ತಾ ಕುಳಿತಿದ್ದರು.

ಎಕ್ಸ್‌ಪ್ಲೊರೇಟೋರಿಯಂಗೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಗುರುವಾರ ಸಂಜೆ ಅಲ್ಲಿ 18 ದಾಟಿದವರಿಗೆ ಮಾತ್ರ ಪ್ರವೇಶ, ಮಕ್ಕಳನ್ನು ಬಿಡುವುದಿಲ್ಲ. ಕೊಲ್ಲಿಯ ಗಾಳಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಮಕ್ಕಳ ಸ್ವೆಟರ್ ಮರೆಯಬೇಡ. ಭಾವನ ರಜೆ ಗೊತ್ತಾದ ಕೂಡಲೇ ತಾರೀಕು ಬರೆ, ನಾನೂ ರಜೆ ಹಾಕಿ ನಿಮ್ಮ ಜೊತೆ ಇನ್ನೊಂದು ಸಲ ಬರುತ್ತೇನೆ.

ಇಂತಿ ನಿನ್ನ ಪ್ರೀತಿಯ ತಂಗಿ