ಮುದಿ ನಾಯಿ ತೂರಾಡಿದ ಕೂಡಲೇ ಕೈಚೆಲ್ಲಬೇಡಿ

ಮಾನ್ಯರೇ,

ನಮ್ಮ 13 ವರ್ಷದ ರಾಣಿ ಒಂದು ಬೆಳಿಗ್ಗೆ ಏಳಲು ಹೋಗಿ ಪಕ್ಕಕ್ಕೆ ಉರುಳಿದಳು. ತಲೆ ಎಡಕ್ಕೆ ವಾಲಿತ್ತು, ಕಣ್ಣುಗುಡ್ಡೆಗಳು ಅತ್ತಿಂದಿತ್ತ ಓಡುತ್ತಿದ್ದವು. ಪಾರ್ಶ್ವವಾಯು, ಇನ್ನು ದಯಾಮರಣವೇ ಗತಿ ಎಂದರು ನೋಡಿದವರೆಲ್ಲ. ಪಶುವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ಪರೀಕ್ಷಿಸಿ, ಇದು ದೇಹದ ಸಮತೋಲನ ಕಾಯುವ ಒಳಗಿವಿಯ ವ್ಯವಸ್ಥೆ ಏರುಪೇರಾದಾಗ ಬರುವ ‘ವೆಸ್ಟಿಬ್ಯುಲಾರ್’ ತೊಂದರೆ, ವಯಸ್ಸಾದ ನಾಯಿಗಳಲ್ಲಿ ಅಪರೂಪವಲ್ಲ ಎಂದರು. ವಾಕರಿಕೆಗೆ ಔಷಧಿ ಕೊಟ್ಟರು. ನಾವು ಜಾರದಂತೆ ಚಾಪೆ ಹಾಸಿ, ಬಟ್ಟಲನ್ನು ಬಾಯಿಯ ಬಳಿಯೇ ಹಿಡಿದು ನೀರು ಕುಡಿಸಿದೆವು. ಕೆಲವೇ ವಾರಗಳಲ್ಲಿ ನಡೆದಾಡಿದಳು. ತಲೆ ಮಾತ್ರ ಇನ್ನೂ ತುಸು ವಾಲಿದೆ. ಕಿವಿಯ ಸೋಂಕು, ಮೆದುಳಿನ ಗೆಡ್ಡೆಯಿಂದಲೂ ಇಂಥದೇ ಲಕ್ಷಣ ಕಾಣಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಆದರೆ ಮೊದಲ ದಿನವೇ ದಯಾಮರಣದ ಮಾತೆತ್ತಬೇಡಿ ಎಂದು ಬೇಡಿಕೊಳ್ಳುತ್ತೇನೆ.

— ಓದುಗರೊಬ್ಬರು