ನನ್ನ ಓಟು ಹ್ಯಾಂಕ್ ಆರನ್‌ಗೆ

ಮಿನಿಯಾಪೊಲಿಸ್

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಚಳಿ ಇಳಿದಿದೆ, ಬೇಸ್‌ಬಾಲ್ ಸೀಸನ್ ಶುರುವಾಗಿದೆ. ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, "ನಿಮ್ಮ ಅಮೆರಿಕದಲ್ಲಿ ಸಿಕ್ಸರ್ ಹೊಡೆಯೋದರಲ್ಲಿ ದೊಡ್ಡವನು ಯಾರಯ್ಯ?" ಅಂತ. ಅದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ.

ಇಲ್ಲಿ ಸಿಕ್ಸರ್‌ಗೆ ಹೋಂ ರನ್ ಅಂತಾರೆ. ಪಟ್ಟಿ ನೋಡಿದರೆ ಬ್ಯಾರಿ ಬಾಂಡ್ಸ್ ಮೊದಲು, 762 ಹೋಂ ರನ್. ಆದರೆ ಅವನ ಕಾಲದ ಲೆಕ್ಕದಲ್ಲೆಲ್ಲ ಸ್ಟೆರಾಯ್ಡ್ ಅನುಮಾನ ಬೆರೆತಿದೆ. ಆ ಜಗಳ ಇಲ್ಲಿ ಇನ್ನೂ ನಿಂತಿಲ್ಲ, ನನಗಂತೂ ಬೇಡ. ನನಗಿಷ್ಟ ಐವತ್ತು, ಅರವತ್ತರ ದಶಕದವರು. ಹ್ಯಾಂಕ್ ಆರನ್ 755, ವಿಲ್ಲಿ ಮೇಸ್ 660, ಫ್ರಾಂಕ್ ರಾಬಿನ್ಸನ್ 586, ಹಾರ್ಮನ್ ಕಿಲ್ಲೆಬ್ರೂ 573, ಮಿಕ್ಕಿ ಮ್ಯಾಂಟಲ್ 536. ಎಲ್ಲರೂ ಒಂದೇ ಕಾಲದಲ್ಲಿ ಆಡಿದವರು!

ಕಿಲ್ಲೆಬ್ರೂ ನಮ್ಮೂರಿನ ಹೆಮ್ಮೆ, ಅವನನ್ನು ಬಿಟ್ಟರೆ ಇಲ್ಲಿ ಯಾರೂ ನನ್ನನ್ನು ಸುಮ್ನೆ ಬಿಡಲ್ಲ. ಇಲ್ಲಿನ 'ಮಾಲ್ ಆಫ್ ಅಮೆರಿಕ' ಇರುವ ಜಾಗದಲ್ಲಿ ಮೊದಲು ಅವನ ಟ್ವಿನ್ಸ್ ತಂಡದ ಸ್ಟೇಡಿಯಂ ಇತ್ತು. ಮಾಲ್ ಒಳಗೆ, ಮಕ್ಕಳ ಆಟದ ಪಾರ್ಕಿನ ನೆಲದಲ್ಲಿ, ಹಳೆಯ ಹೋಂ ಪ್ಲೇಟ್ (ಬ್ಯಾಟ್ ಮಾಡುವ ಜಾಗ) ಇದ್ದ ಕಡೆ ಗುರುತು ಕೂರಿಸಿದ್ದಾರೆ. ಅಲ್ಲಿ ನಿಂತು ನೋಡಿದರೆ ದೂರದ ಗೋಡೆಯಲ್ಲಿ, ಎತ್ತರದಲ್ಲಿ, ಒಂದು ಕೆಂಪು ಕುರ್ಚಿ ಕಾಣುತ್ತದೆ. 1967ರ ಜೂನ್ 3ರಂದು ಕಿಲ್ಲೆಬ್ರೂ ಹೊಡೆದ ಚೆಂಡು ಹೋಗಿ ಬಿದ್ದದ್ದು ಅಲ್ಲಿಗೆ. 520 ಅಡಿ ಅಂತಾರೆ. ಕುರ್ಚಿ ನೋಡಿದ ಮೇಲೆ ನಾನೂ ವಾದ ಮಾಡಲಿಲ್ಲ. ಅವನು ಸುಮಾರು 14 ಸಲ ಬ್ಯಾಟ್ ಹಿಡಿದರೆ ಒಂದು ಹೋಂ ರನ್, ಈ ಐವರಲ್ಲಿ ಯಾರಿಗೂ ಅಷ್ಟು ವೇಗ ಇಲ್ಲ. ಆದರೆ ಬ್ಯಾಟಿಂಗ್ ಸರಾಸರಿ ಬರೀ .256, ಅಂದರೆ ಸುಮಾರು ನಾಲ್ಕು ಸಲಕ್ಕೆ ಒಂದು ಹಿಟ್ (ಹೊಡೆದು, ಔಟಾಗದೆ ಬೇಸ್ ಮುಟ್ಟುವುದು). ಹೊಡೆದರೆ ಆಚೆ, ಇಲ್ಲದಿದ್ದರೆ ಔಟ್!

ಮ್ಯಾಂಟಲ್ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಎಡಗೈ, ಬಲಗೈ ಎರಡೂ ಕಡೆಯಿಂದ ಬ್ಯಾಟ್ ಬೀಸುತ್ತಿದ್ದ, 1956ರಲ್ಲಿ 52 ಹೋಂ ರನ್, 1961ರಲ್ಲಿ 54. ಆದರೆ 1951ರಲ್ಲೇ, ವರ್ಲ್ಡ್ ಸೀರೀಸ್ (ಸೀಸನ್ನಿನ ಫೈನಲ್) ಆಡುವಾಗ, ಮೈದಾನದ ಚರಂಡಿ ಮುಚ್ಚಳಕ್ಕೆ ಶೂ ಸಿಕ್ಕಿ ಮಂಡಿ ತಿರುಚಿಕೊಂಡಿತು. ಆಗಿನ್ನೂ 19 ವರ್ಷದ ಹುಡುಗ. ಮುಂದೆ ಆಡಿದ್ದೆಲ್ಲ ಆ ಕಾಲಲ್ಲೇ. ಅವತ್ತು ಅವನು ಬೆನ್ನಟ್ಟಿದ ಚೆಂಡು ಹೊಡೆದವನು ಯಾರು ಗೊತ್ತಾ? ವಿಲ್ಲಿ ಮೇಸ್!

ಮೇಸ್‌ನ ಅಭಿಮಾನಿಗಳು ಹೇಳುವುದರಲ್ಲಿ ಹುರುಳಿದೆ. ಸೈನ್ಯಕ್ಕೆ ಕರೆದದ್ದರಿಂದ 1952ರ ಬಹುಪಾಲು, 1953 ಪೂರ್ತಿ ಅವನಿಗೆ ತಪ್ಪಿತು. ವಾಪಸ್ ಬಂದ ಕೂಡಲೇ 41, ಮರುವರ್ಷ 51. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಅಲ್ಲಿಯ ಗಾಳಿ ಹೊಡೆದ ಚೆಂಡನ್ನು ವಾಪಸ್ ತಳ್ಳುತ್ತಿತ್ತು. ಬೇಸ್‌ಬಾಲ್‌ನಲ್ಲಿ ಒಂದೊಂದು ಮೈದಾನದ ಗೋಡೆ ಒಂದೊಂದು ದೂರ, ನಮ್ಮ ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಸಲೀಸು ಅಂತೀರಲ್ಲ, ಹಾಗೆ. ಆ ಎರಡು ವರ್ಷ ಸಿಕ್ಕಿದ್ದರೆ ಹಳೆಯ ಕಾಲದ ಬೇಬ್ ರೂತ್‌ನ 714ರ ದಾಖಲೆಯನ್ನು ಮೊದಲು ದಾಟುತ್ತಿದ್ದವನು ಮೇಸೇ ಇರಬಹುದು. ಓಟ, ಕ್ಯಾಚ್, ಎಸೆತ ಎಲ್ಲ ಸೇರಿಸಿದರೆ ಅವನೇ ಮೇಲು, ಒಪ್ಪುತ್ತೇನೆ.

ಆದರೆ ನೀವು ಕೇಳಿದ್ದು ಸಿಕ್ಸರ್ ಬಗ್ಗೆ. ಆರನ್ ಒಂದು ಸೀಸನ್ನಿನಲ್ಲೂ 50 ಮುಟ್ಟಲಿಲ್ಲ, ಜಾಸ್ತಿ ಅಂದರೆ 47. ಅವನ ಜರ್ಸಿ ನಂಬರ್ 44, ನಾಲ್ಕು ಸೀಸನ್ ಸರಿಯಾಗಿ 44 ಹೊಡೆದಿದ್ದಾನೆ! ಸದ್ದಿಲ್ಲದೆ ಕೂಡಿಸುತ್ತಾ ಹೋದ. ಅಟ್ಲಾಂಟದ ಎತ್ತರದ ಊರಲ್ಲಿ ಚೆಂಡು ಹಾರುತ್ತೆ, ಅದಕ್ಕೇ ಅಷ್ಟಾಯ್ತು ಅಂತ ಮೂಗು ಮುರಿಯುವವರಿದ್ದಾರೆ. ಆದರೆ 1966ರಲ್ಲಿ ಅವನ ತಂಡ ಅಲ್ಲಿಗೆ ಹೋಗುವ ಮೊದಲೇ, ಮಿಲ್ವಾಕಿಯಲ್ಲಿ, 398 ಆಗಿತ್ತು. ಆ 755 ಅನ್ನು ಪೂರ್ತಿ ತೆಗೆದುಹಾಕಿದರೂ ಅವನ ಹೆಸರಿನಲ್ಲಿ 3,000ಕ್ಕಿಂತ ಜಾಸ್ತಿ ಹಿಟ್ ಉಳಿಯುತ್ತವೆ.

1973 ಮುಗಿದಾಗ ಅವನದು 713, ರೂತ್‌ಗಿಂತ ಒಂದೇ ಒಂದು ಕಡಿಮೆ. ಇಡೀ ಚಳಿಗಾಲ ಕಾಯಬೇಕು. ಕರಿಯನೊಬ್ಬ ರೂತ್‌ನನ್ನು ದಾಟುವುದು ಸಹಿಸದವರು ರಾಶಿ ರಾಶಿ ಕಾಗದ ಬರೆದರು. ಕೊಲ್ಲುತ್ತೇವೆ ಅಂತಲೂ ಬರೆದರು. ಏಪ್ರಿಲ್‌ನಲ್ಲಿ ಬಂದವನೇ ಸಿನ್ಸಿನಾಟಿಯಲ್ಲಿ, ಸೀಸನ್ನಿನ ಮೊದಲ ಬೀಸಿಗೇ 714. ನಾಲ್ಕು ದಿನ ಬಿಟ್ಟು, 1974ರ ಏಪ್ರಿಲ್ 8ರಂದು, ಅಟ್ಲಾಂಟದಲ್ಲಿ ಆಲ್ ಡೌನಿಂಗ್ ಎಸೆತಕ್ಕೆ 715. ಇಬ್ಬರು ಹುಡುಗರು ಮೈದಾನಕ್ಕೆ ನುಗ್ಗಿ ಅವನ ಬೆನ್ನು ತಟ್ಟುತ್ತಾ ಜೊತೆಗೇ ಓಡುವ ವಿಡಿಯೋ ಇದೆ, ನೋಡಿ. ಅಷ್ಟೆಲ್ಲ ಬೆದರಿಕೆ ಇದ್ದವನ ಹಿಂದೆ ಯಾರೋ ಓಡಿ ಬಂದರೆ ಎದೆ ಝಲ್ ಅನ್ನಲ್ವಾ? ಅವನು ಓಟ ನಿಲ್ಲಿಸಲಿಲ್ಲ. ಹೋಂ ಪ್ಲೇಟ್ ಹತ್ತಿರ ಅವನಮ್ಮ ಬಂದು ಗಟ್ಟಿಯಾಗಿ ತಬ್ಬಿಕೊಂಡಳು.

ಹಾಗಾಗಿ ನನ್ನ ಓಟು ಆರನ್‌ಗೆ. ನೀವು ಮೇಸ್ ಅಂತೀರಿ ಅಂತ ನನ್ನ ಊಹೆ, ವಿಡಿಯೋ ಎಲ್ಲ ನೋಡಿ ಹೇಳಿ. ಚಿಕ್ಕಮ್ಮನ ಓಟು ಮಾತ್ರ ಕಿಲ್ಲೆಬ್ರೂಗೇ ಬೀಳುತ್ತದೆ. ಹವ್ಯಾಸ ಏನು ಅಂತ ಯಾರೋ ಕೇಳಿದ್ದಕ್ಕೆ ಆ ಮನುಷ್ಯ ಪಾತ್ರೆ ತೊಳೆಯುವುದು ಅಂದಿದ್ದನಂತೆ.

ಇಂತಿ ನಿಮ್ಮ ಪ್ರೀತಿಯ,
ಮಗ